ಕಪ್ಪೆಮರಿಯ ಐದನೇ ಸೊನ್ನೆ

ಚಳಿ ಬೆನ್ನು ತಿರುಗಿಸಿ ಹೊರಟಿತ್ತು. ತೆನೆಯಲ್ಲಿ ಹಾಲು ಕಟ್ಟುವ ಕಾಲ. ಇನ್ನೊಂದು ನೀರು ಸಿಕ್ಕಿದರೆ ಕಾಳು, ಸಿಗದಿದ್ದರೆ ಜೊಳ್ಳು. ಹಾಗಾಗಿ ಈ ಎರಡು ವಾರ ಕಾಲುವೆಯ ಮೇಲೆ, ಹೊಲಗಳಿಗೆ ನೀರು ಹಂಚುವ ನೀರಣ್ಣನಿಗೆ ಬೆನ್ನು ನೆಟ್ಟಗೆ ಮಾಡಲೂ ಪುರುಸೊತ್ತಿರುವುದಿಲ್ಲ. ಬೆಳಗಿನ ಎಂಟಕ್ಕೆ ಆಗಲೇ ಮೂರು ತೂಬು ಎತ್ತಿ, ನಾಲ್ಕನೆಯದರ ಬಾಯಿಗೆ ಅಡರಿದ್ದ ಜೊಂಡನ್ನು ಕೊಕ್ಕೆಯಿಂದ ಎಳೆದೆಳೆದು ದಂಡೆಗೆ ಹಾಕುತ್ತಿದ್ದ.

ಸರಪಳಿ ಮಾಮ ದಂಡೆಯ ಕಲ್ಲಿನ ಮೇಲೆ ಕೂತು ತೊಡೆಯ ಮೇಲೆ ಒಂದು ಫೈಲು ಬಿಡಿಸಿಕೊಂಡಿದ್ದರು. ಮೂವತ್ತೈದು ವರ್ಷ ಮೋಜಣಿದಾರರಾಗಿ ಸರಪಳಿ ಹಿಡಿದು ಹೊಲಗಳ ಗಡಿ ಅಳೆದವರು. ನಿವೃತ್ತಿಯಾದ ಮೇಲೂ ಸರಪಳಿಯ ಹೆಸರು ಬಿಟ್ಟಿರಲಿಲ್ಲ, ಕಳೆದುಹೋದದ್ದನ್ನು ಹುಡುಕಿ ಕೊಡುವ ಚಾಳಿಯೂ ಬಿಟ್ಟಿರಲಿಲ್ಲ. ಇಷ್ಟು ದಿನ ಹುಡುಕಿದ್ದು ಗಡಿಕಲ್ಲು, ಕಾಗದಪತ್ರ, ಒಮ್ಮೊಮ್ಮೆ ದನ. ಈಗ ಹತ್ತು ವರ್ಷದ ಹುಡುಗಿ. ಸದಾ ಕಪ್ಪೆ ಎಣಿಸುವ ಅವಳನ್ನು ಎಲ್ಲರೂ ಕರೆಯುವುದು ಕಪ್ಪೆಮರಿ ಎಂದು.

ಕಪ್ಪೆಮರಿಯನ್ನು ಅವಳ ಅಪ್ಪ ಹೊಲದ ಬದುವಿನಿಂದ ಎತ್ತಿಕೊಂಡು ಹೋಗಿ ಇವತ್ತಿಗೆ ಆರು ದಿನ.

ಮಗು ತಾಯಿಯ ಹತ್ತಿರವೇ ಇರಬೇಕೆಂದು ನ್ಯಾಯಾಲಯ ಹೇಳಿತ್ತು. ಅವತ್ತು ಮೆಟ್ಟಿಲಿಳಿಯುತ್ತ ಆ ಮನುಷ್ಯ ಎಲ್ಲರಿಗೂ ಕೇಳುವಂತೆ, “ನನಗಿಲ್ಲದ್ದು ಇನ್ಯಾರಿಗೂ ಇರಲ್ಲ” ಎಂದಿದ್ದ. ಅವನು ಮುರಿದ ತಾಯಿಯ ಮಣಿಕಟ್ಟು ಇನ್ನೂ ಸರಿಯಾಗಿ ಬಾಗುತ್ತಿರಲಿಲ್ಲ. ತಾಯಿಯೂ ಮಗಳೂ ಯಾರಿಗೂ ಹೇಳದೆ, ಅವನಿಗೆ ಊರೇ ಗೊತ್ತಿರದ ದೂರದ ಸಂಬಂಧದ ಅಕ್ಕನ ಮನೆಗೆ ಬಂದು ಸೇರಿಕೊಂಡಿದ್ದು ಅದಕ್ಕೇ. ಠಾಣೆಯಲ್ಲಿ ಕೇಳಿದರೆ, “ಅಪ್ಪನ ಜೊತೆ ತಾನೇ ಇದಾಳೆ, ಸೋಮವಾರ ನೋಡೋಣ” ಎಂಬ ಉತ್ತರ. ತಾಯಿ ದಿನಾ ಹೋಗಿ ಅದೇ ಬೆಂಚಿನ ಮೇಲೆ ಕೂತು ಬರುತ್ತಿದ್ದಳು.

“ಸಾಹೇಬ್ರೆ, ಕಾಗದ ನೋಡಿ ನೋಡಿ ಸವೀತು,” ಎಂದ ನೀರಣ್ಣ. “ಕಪ್ಪೆ ಬಗ್ಗೆ ಬರೆದದ್ರಲ್ಲಿ ಏನು ಸಿಗುತ್ತೆ?”

“ಸಿಗಬಾರದು ಅಂತಲೇ ಬರೆಸಿದಾರೆ ದೊಡ್ಡಮ್ಮ.”

ಫೈಲಿನ ಮೊದಲ ಹಾಳೆಯಲ್ಲಿ ನಿಯಮಗಳಿದ್ದವು. ಹುಡುಗಿ ಬ್ಲಾಗ್ ಬೇಕೆಂದು ಹಟ ಹಿಡಿದಾಗ, ಊರಿನ ವಾಚನಾಲಯ ನೋಡಿಕೊಳ್ಳುವ ಅವಳ ದೊಡ್ಡಮ್ಮ ಒಂದು ವಾರ ಯೋಚಿಸಿ ಬರೆದದ್ದು. ಹೆಸರು ಬೇಡ. ಊರು ಬೇಡ. ಶಾಲೆ ಬೇಡ. ಫೋಟೋ ಬೇಡ. ಹುಡುಗಿ ಬರೆದು ಕಳಿಸಬಹುದು, ಆದರೆ ದೊಡ್ಡಮ್ಮ ಓದಿ ಒಪ್ಪುವವರೆಗೆ ಅದು ಯಾರ ಕಣ್ಣಿಗೂ ಬೀಳದು. ಓದುಗರ ಮಾತೂ ಅಷ್ಟೇ, ಮೊದಲು ದೊಡ್ಡಮ್ಮನ ಕಣ್ಣಿಗೆ. ಕೊನೆಯ ಸಾಲು ಮಾತ್ರ ಬೇರೆ ಕೈಬರಹ, ದುಂಡು ದುಂಡಾಗಿ: *ಬರೆದ ದಿನವೇ ದೊಡ್ಡಮ್ಮ ಓದಬೇಕು. ಓದದಿದ್ದರೆ ಸಾಲ.*

ಅದರ ಕೆಳಗೆ ಬ್ಲಾಗಿನಿಂದ ಅಚ್ಚು ಹಾಕಿದ ಹತ್ತೊಂಬತ್ತು ಬರಹ, ಒಂದೊಂದು ಹಾಳೆಯಲ್ಲಿ. ಪ್ರತಿ ಹಾಳೆಯ ಅಡಿಯಲ್ಲಿ ಹುಡುಗಿ ಒಂದು ಸೊನ್ನೆ ಬರೆದಿದ್ದಳು. ದೊಡ್ಡಮ್ಮ ಓದಿದ ಮೇಲೆ ಸೊನ್ನೆಯೊಳಗೆ ಒಂದು ಗೀಟು. ಹತ್ತೊಂಬತ್ತು ಸೊನ್ನೆ, ಹತ್ತೊಂಬತ್ತು ಗೀಟು. ಬಾಕಿ ಇಲ್ಲ.

ಮಾಮ ಮತ್ತೆ ಮೊದಲಿನಿಂದ ಹಾಳೆ ಮಗುಚಿದರು. ‘ಕಾಲುವೆಗೆ ನೀರು ಬಂತು. ಕಪ್ಪೆಗಳು ಒಂದು ಕಡಿಮೆ ಹತ್ತು.’ ಒಂಬತ್ತು ಎನ್ನುವುದು ಆ ಹುಡುಗಿಗೆ ಬಾಯಿಗೇ ಬಾರದು. ಚಿಕ್ಕಂದಿನಿಂದ ಒಂದು ಕಡಿಮೆ ಹತ್ತೇ. ಹೆಸರಿಲ್ಲದಿದ್ದರೇನು? ಅಪ್ಪನಾದವನಿಗೆ ಆ ಮಾತು ಎಲ್ಲಿ ಕಂಡರೂ ಗುರುತು ಸಿಗುತ್ತದೆ. ಬರೆದವಳು ಮಗಳೆಂದು ಅವನಿಗೆ ಗೊತ್ತಾದದ್ದು ಹೀಗೆ. ಅದನ್ನು ಮಾಮ ನಿನ್ನೆಯೇ ಹಿಡಿದಿದ್ದರು. ಆದರೆ ಎಲ್ಲಿದ್ದಾಳೆಂದು ಗೊತ್ತಾದದ್ದು?

ಎಂಟನೇ ಹಾಳೆ. ‘ನೀರು ಬಂತು.’

ಒಂಬತ್ತನೇ ಹಾಳೆ. ‘ನೀರು ಬಂದದ್ದು 4:10. ನಿಂತದ್ದು 5:25.’

ಮಾಮ ಬೆರಳು ಅಲ್ಲೇ ಇಟ್ಟರು. ಹಿಂದಿನ ಎಂಟರಲ್ಲಿ ಗಂಟೆ ಇಲ್ಲ. ಮುಂದಿನ ಹತ್ತರಲ್ಲೂ ಇದೆ.

“ನೀರಣ್ಣ, ಇವಳಿಗೆ ಗಂಟೆ ಬರೆಯೋದು ಕಲಿಸಿದ್ದು ಯಾರು?”

“ಯಾರೋ ಹಳೇ ಮೇಷ್ಟ್ರಂತೆ. ಅವಳ ಬರಹ ಓದಿ ಹೇಳಿದ್ರಂತೆ, ನೋಡಿದ್ದಕ್ಕೆ ಗಂಟೆ ನಿಮಿಷ ಸೇರಿಸು ಮಗೂ, ಆಗ ಅದು ವಿಜ್ಞಾನ ಆಗುತ್ತೆ ಅಂತ. ದೊಡ್ಡಮ್ಮನೂ ಹೌದು ಅಂದ್ರು. ಹೆಸರು ಕೇಳಿಲ್ಲ, ಊರು ಕೇಳಿಲ್ಲ, ಎಷ್ಟು ದೊಡ್ಡ ಮನುಷ್ಯ ಅಂದ್ರು.” ನೀರಣ್ಣನ ಮುಖ ಒಂದಿಷ್ಟು ಅರಳಿತು. “ಮೊದಮೊದಲು ನನ್ನನ್ನೇ ಕೇಳ್ತಿದ್ಲು, ತಾತ ಎಷ್ಟು ಗಂಟೆ, ತಾತ ಎಷ್ಟು ಗಂಟೆ ಅಂತ. ಕಾಟ ತಡೀಲಾರದೆ ನನ್ನ ಹಳೇ ಕೈಗಡಿಯಾರ ಕೊಟ್ಟುಬಿಟ್ಟೆ. ಮೊಣಕೈವರೆಗೂ ಜಾರ್ತಿತ್ತು, ಆದ್ರೂ ಕಟ್ಟಿಕೊಂಡೇ ತಿರುಗೋಳು.”

ಮಾಮ ಎದ್ದು ತೂಬಿನ ಮನೆಯ ಬಾಗಿಲಿಗೆ ಹೋದರು. ಒಳಗೆ ಗೋಡೆಗೆ ಸರದಿಪಟ್ಟಿ ಅಂಟಿಸಿತ್ತು. ಎಂಟು ದಿನದ ಸರದಿ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಯಾರ ಹೊಲಕ್ಕೆ ನೀರು. ಮಾಮ ಒಂಬತ್ತನೇ ಹಾಳೆಯನ್ನೂ ಹತ್ತನೆಯದನ್ನೂ ಪಟ್ಟಿಯ ಪಕ್ಕ ಹಿಡಿದರು. ಹೊಲದಲ್ಲಿ ಎರಡು ಗೆರೆ ಕೂಡುವ ಕಡೆ ಒಂದೇ ಒಂದು ಕಲ್ಲು ನೆಡಲು ಬರುತ್ತದೆ. ಇಲ್ಲೂ ಹಾಗೇ. ಎರಡು ಗಂಟೆಗಳು ಕೂಡುವ ಕಡೆ ಒಂದೇ ಒಂದು ಹೊಲ. ದೊಡ್ಡಮ್ಮನ ಹೊಲ.

ಮೇಷ್ಟ್ರೂ ಅಲ್ಲ, ವಿಜ್ಞಾನವೂ ಅಲ್ಲ. ಆ ಹೆಸರಿನಲ್ಲಿ ಗಂಟೆ ಬರೆಸಿದ್ದು ಅಪ್ಪ.

“ಈ ಪಟ್ಟಿ ಯಾರ ಯಾರ ಹತ್ತಿರ ಇದೆ?”

“ಇದೊಂದೇ. ಬೀಗದ ಕೈ ನನ್ನ ಸೊಂಟದಲ್ಲಿ.”

“ಮತ್ತೆ ಅವನು ಹೇಗೆ ಓದಿದ?”

ನೀರಣ್ಣ ಕೊಕ್ಕೆಯನ್ನು ಗೋಡೆಗೆ ಒರಗಿಸಿದ. ಅದು ಜಾರಿ ಬಿತ್ತು. ಎತ್ತಲಿಲ್ಲ.

“ನನ್ನ ಮುಖ ಯಾಕೆ ಹಾಗೆ ನೋಡ್ತೀರಿ?”

“ನೀರಣ್ಣ. ಆರು ದಿನ ಆಯ್ತು.”

“ಫೋನ್ ಬಂದಿತ್ತು,” ಎಂದ ನೀರಣ್ಣ. “ಮೇಲಿನ ಕಚೇರಿಯಿಂದ ಅಂದ್ರು. ನೀವು ನೀರು ಹಂಚೋ ರೀತಿ ಬೇರೆಯವರಿಗೂ ಪಾಠ ಮಾಡಬೇಕು ಅಂತಿದೀವಿ, ಯಾರೋ ನಿಮ್ಮ ಹೆಸರು ಹೇಳಿ ನಂಬರ್ ಕೊಟ್ರು ಅಂದ್ರು. ನಲವತ್ತು ವರ್ಷ ಆಯ್ತು ಸಾಹೇಬ್ರೆ ಈ ಚಕ್ರ ತಿರುಗಿಸೋಕೆ ಶುರುಮಾಡಿ. ನೀರು ತಡ ಆದ್ರೆ ಬೈತಾರೆ, ಬೇಗ ಬಂದ್ರೂ ಬೈತಾರೆ. ಹೇಗೆ ಮಾಡ್ತೀಯಪ್ಪ ಅಂತ ಒಬ್ಬ ನರಪಿಳ್ಳೆ ಕೇಳಿರಲಿಲ್ಲ.” ಬಿದ್ದ ಕೊಕ್ಕೆಯನ್ನು ಕಾಲಿನಿಂದ ಸರಿಸಿದ. “ಓದಿ ಹೇಳಿದೆ. ಅರ್ಧ ಗಂಟೆ ಓದಿದೆ. 4:10 ಯಾರದು ಅಂತ ಒಂದು ಸಲ ಕೇಳಿದ್ರು. ಅದನ್ನೂ ಹೇಳಿದೆ. ಭಾನುವಾರ ಆ ಹೊಲಕ್ಕೆ ನೀರು ಎಷ್ಟು ಗಂಟೆಗೆ ಅಂದ್ರು. ಅದನ್ನೂ.”

ಭಾನುವಾರ ನೀರು ಬಂದ ಗಳಿಗೆಗೆ ಸರಿಯಾಗಿ ಬದುವಿನ ಪಕ್ಕ ಬಿಳಿ ಕಾರೊಂದು ನಿಂತಿತ್ತು. ಹುಡುಗಿ ಬಗ್ಗಿ ಕಪ್ಪೆ ಎಣಿಸುತ್ತಿದ್ದಳು.

ಮಾಮನಿಗೆ ಬೈಯಬೇಕೆನಿಸಲಿಲ್ಲ. ಒಬ್ಬಾಕೆ ಜೋಪಾನವಾಗಿ ಓದಿ ಒಪ್ಪಿದಳು. ಒಬ್ಬ ಪ್ರೀತಿಯಿಂದ ಗಡಿಯಾರ ಕೊಟ್ಟ. ಹುಡುಗಿ ಹೇಳಿದ ಹಾಗೆ ಬರೆದಳು. ಯಾರೂ ಒಂದು ಹೆಸರೂ ಬಿಟ್ಟುಕೊಟ್ಟಿರಲಿಲ್ಲ.

“ಬಾ,” ಎಂದರು. “ದೊಡ್ಡಮ್ಮನ ಹತ್ತಿರ ಹೋಗೋಣ. ಆ ಮೇಷ್ಟ್ರ ಮಾತು ಯಾವ ದಿನ ಬಂತು ನೋಡಬೇಕು.”

ವಾಚನಾಲಯವೆಂದರೆ ಒಂದೇ ಕೋಣೆ. ಎರಡು ಬೀರು, ಒಂದು ಉದ್ದನೆ ಬೆಂಚು, ಮೂಲೆಯಲ್ಲಿ ಕಂಪ್ಯೂಟರು. ಅದರ ಮೇಲೆ ಹಳೆಯ ಹಾಸಿಗೆ ಬಟ್ಟೆ ಹೊದಿಸಿ ಸುತ್ತ ದಾರ ಬಿಗಿದಿತ್ತು. ದೊಡ್ಡಮ್ಮ ಹರಿದ ಪುಸ್ತಕವೊಂದಕ್ಕೆ ಅಂಟು ಹಚ್ಚುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

ಮಾಮ ಕಾಲುವೆಯ ಮೇಲೆ ಸಿಕ್ಕಿದ್ದನ್ನು ಹೇಳಿದರು. ಅವಳು ಕೇಳಿಸಿಕೊಂಡಳು. ಪುಟದ ಅಂಚನ್ನು ಬೆರಳಿನಿಂದ ಒತ್ತಿ ಹಿಡಿದೇ ಇದ್ದಳು, ಅಂಟು ಒಣಗಿದರೂ.

“ಹಾಗಾದ್ರೆ ಒಪ್ಪಿಗೆ ಗುಂಡಿ ಒತ್ತಿದ್ದು ನಾನೇ.”

“ನಾನಾಗಿದ್ರೂ ಒತ್ತುತ್ತಿದ್ದೆ.”

“ನೀವು ಹಾಗನ್ನಬೇಡಿ ಮಾಮ. ನೀವೂ ಹಾಗಂದ್ರೆ ನಾನು ಯಾರ ಹತ್ರ ಬೈಸಿಕೊಳ್ಳಲಿ?”

“ಕಂಪ್ಯೂಟರಿನ ಬಟ್ಟೆ ಬಿಚ್ಚಮ್ಮ. ಒಂದು ದಿನಾಂಕ ನೋಡಬೇಕು, ಅಷ್ಟೇ.”

“ಭಾನುವಾರ ಸಂಜೆ ಮುಚ್ಚಿದ್ದು. ಆವತ್ತಿಂದ ಅದರ ಕಡೆ ಕಣ್ಣು ಹಾಕಿಲ್ಲ. ನನ್ನ ಕೈಲಿ ಆಗಲ್ಲ.”

ದಾರ ಬಿಚ್ಚಿದ್ದು ನೀರಣ್ಣ. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಎಳೆದ. ದೊಡ್ಡಮ್ಮ ಬಂದು ಕೂತು ಪಾಸ್‌ವರ್ಡು ಒತ್ತಿದಳು. ಪರದೆ ನಿಧಾನವಾಗಿ ಬೆಳಗಿತು.

ಮೇಲ್ಗಡೆ ಒಂದು ಸಾಲು. *ನಿಮ್ಮ ಒಪ್ಪಿಗೆಗೆ ಕಾದಿರುವ ಬರಹ: 1.*

ದೊಡ್ಡಮ್ಮ ಅದನ್ನು ಒತ್ತಿದಳು.

*ಮಂಗಳವಾರ. ಇಲ್ಲಿಯ ಕಪ್ಪೆಗಳು ಬೇರೆ ಥರ, ಬೆನ್ನ ಮೇಲೆ ಗೆರೆ ಇಲ್ಲ. ಕಿಟಕಿಯಿಂದ ಎಣಿಸಿದೆ, ಒಂದು ಕಡಿಮೆ ಹತ್ತು. ತೂಬಿನ ಚಕ್ರ ಕೆಂಪು. ನೀರು ಬಂದದ್ದು 2:20. ನಿಂತದ್ದು 3:05. ಇವತ್ತು ಇಷ್ಟೇ, ಅವರು ಏಳೋದ್ರೊಳಗೆ ಫೋನು ವಾಪಸ್ ಇಡಬೇಕು. ದೊಡ್ಡಮ್ಮಾ, ನನ್ನ ಹೆಸರು ಬರೆದಿಲ್ಲ. ಊರಿನ ಹೆಸರು ಕಿಟಕಿಯಿಂದ ಬೋರ್ಡಲ್ಲಿ ಕಾಣ್ಸುತ್ತೆ, ಆದ್ರೂ ಬರೆದಿಲ್ಲ. ಬೇಗ ಓದು.*

ಕೆಳಗೆ ಒಂದು ಸೊನ್ನೆ.

ದೊಡ್ಡಮ್ಮನಿಂದ ಒಂದು ಸಣ್ಣ ಶಬ್ದ ಬಂತು. ಅಳು ಅಲ್ಲ. ಬಾವಿಗೆ ಬಿಟ್ಟ ಕೊಡ ನೀರು ಮುಟ್ಟದೆ ಬರಿಗಲ್ಲಿಗೆ ತಾಗಿದ ಹಾಗೆ.

“ಬೋರ್ಡ್ ಕಾಣ್ತಿತ್ತಂತೆ,” ಎಂದಳು. “ಕಣ್ಣೆದುರಿಗೆ ಇತ್ತಂತೆ. ನಾನು ಬೇಡ ಅಂದಿದ್ದೆ ಅಂತ ಬರೀಲಿಲ್ಲ. ನಾಲ್ಕು ದಿನ, ಮಾಮ. ನಾಲ್ಕು ದಿನ ಇದು ಈ ಬಟ್ಟೆ ಕೆಳಗೆ ಕೂತಿತ್ತು.”

ಇವತ್ತು ಶನಿವಾರ.

“ಕೆಂಪು ಚಕ್ರ,” ಎಂದ ನೀರಣ್ಣ. ಪರದೆಗೆ ಮೂಗು ತಗುಲುವಷ್ಟು ಬಗ್ಗಿದ್ದ. “ಸಾಹೇಬ್ರೆ, ತೂಬಿನ ಚಕ್ರ ಎಲ್ಲ ಕಡೆ ಹಸಿರು. ಕೆಂಪು ಇರೋದು ಒಂದೇ. ಮೇಲಿನ ಕಾಲುವೆ, ಹನ್ನೊಂದನೇ ತೂಬು. ಹಸಿರು ಬಣ್ಣ ಖಾಲಿಯಾಯ್ತು ಅಂತ ನನ್ನ ಷಡ್ಡಕ ಟ್ರ್ಯಾಕ್ಟರಿಗೆ ತಂದು ಉಳಿದಿದ್ದ ಬಣ್ಣ ಬಳಿದ. ಎರಡು ವರ್ಷ ನಗಾಡಿದೀವಿ ಅವನನ್ನ. ಅಲ್ಲಿ ಸರದಿ ಮುಕ್ಕಾಲು ಗಂಟೆ, ಸರೀ ಹೊಂದುತ್ತೆ. ಪಕ್ಕದಲ್ಲೇ ಹಳೇ ಪಂಪಿನ ಮನೆ ಇದೆ!”

ಆರು ದಿನದಲ್ಲಿ ಮೊದಲ ಬಾರಿಗೆ ಕೋಣೆಯಲ್ಲಿ ಗಾಳಿ ಆಡಿದಂತಾಯಿತು. ನೀರಣ್ಣ ಆಗಲೇ ಫೋನು ಕಿವಿಗೆ ಹಿಡಿದಿದ್ದ. ಷಡ್ಡಕನೆಂದರೆ ಅವನ ಹೆಂಡತಿಯ ತಂಗಿಯ ಗಂಡ. ಇಬ್ಬರೂ ಒಂದೇ ಕಸುಬು, ಒಂದೇ ಮನೆಯ ಅಳಿಯಂದಿರು. ಮಾಮ ತಡೆಯಲಿಲ್ಲ. ಆಮೇಲೆ ಆ ಗಳಿಗೆಯನ್ನು ಎಷ್ಟು ಸಲ ನೆನೆದರೋ.

“ಏನಯ್ಯಾ... ಹೌದಾ... ಪಂಪಿನ ಮನೇಲಿ ಯಾರಾದ್ರೂ... ಹೆಣ್ಣುಮಗು ಕಣೋ... ಓ. ಓ.” ಫೋನು ಇಳಿಸಿದ. “ಇದ್ರಂತೆ. ಒಬ್ಬ ಗಂಡಸು, ಒಂದು ಮಗು. ಮೊನ್ನೆ ಬೆಳಗ್ಗೆಯೇ ಖಾಲಿ ಮಾಡಿದ್ರಂತೆ. ಅವನಿಗೆ ಮಾತಾಡೋಕೂ ಪುರುಸೊತ್ತಿಲ್ಲ, ಈಗಷ್ಟೇ 9:40ಕ್ಕೆ ತೂಬು ಎತ್ತಿದೀನಿ ಅಂದ.”

ಗೋಡೆಯ ಗಡಿಯಾರದಲ್ಲಿ ಹತ್ತಕ್ಕೆ ಐದು ನಿಮಿಷ ಇತ್ತು.

“ಆದ್ರೂ ಹೋಗೋಣ,” ಎಂದಳು ದೊಡ್ಡಮ್ಮ. “ಅವಳು ಕೂತ ಜಾಗ ನೋಡಬೇಕು ನಾನು.”

ಮಾಮನ ಹಳೆಯ ಜೀಪಿನಲ್ಲಿ ಒಂದೂವರೆ ಗಂಟೆ ದಾರಿ. ಎರಡೂ ಕಡೆ ಪೈರು ಸೊಂಪಾಗಿ ನಿಂತಿತ್ತು.

ಹನ್ನೊಂದನೇ ತೂಬಿನ ಕೆಂಪು ಚಕ್ರ ದೂರದಿಂದಲೇ ಕಂಡಿತು. ಹತ್ತಿರ ಹೋದಾಗ ನೀರಣ್ಣ ಮೊದಲು ನೋಡಿದ್ದು ಪಂಪಿನ ಮನೆಯನ್ನಲ್ಲ, ಹೊಲವನ್ನು. ನೀರು ಬದು ಮೀರಿ ಹರಿದು ದಾರಿಗೆ ಬಂದಿತ್ತು. ತೆನೆ ಹೊತ್ತ ಪೈರು ಬುಡ ಸಡಿಲಾಗಿ ಮಲಗುತ್ತಿತ್ತು. ತೂಬು ಇನ್ನೂ ತೆರೆದೇ ಇತ್ತು. ಷಡ್ಡಕ ಇರಲಿಲ್ಲ. ಅವನ ಸೈಕಲ್ಲು ಮಾತ್ರ ದಂಡೆಗೆ ಒರಗಿತ್ತು.

“ಹತ್ತು ಇಪ್ಪತ್ತೈದಕ್ಕೆ ಮುಚ್ಚಬೇಕಿತ್ತು,” ಎಂದ ನೀರಣ್ಣ. “ಹೆಂಡತಿಗೆ ಹೆರಿಗೆ ನೋವು ಬಂದಾಗಲೂ ತೂಬು ಮುಚ್ಚಿ ಹೋದವನು ಅವನು.”

ಪಂಪಿನ ಮನೆಯ ಬಾಗಿಲು ದೂಡಿದರೆ ತೆರೆಯಿತು. ತುಕ್ಕು ಹಿಡಿದ ಪಂಪು, ಒಂದು ಚಾಪೆ, ಬಿಸ್ಕತ್ತಿನ ಖಾಲಿ ಪೊಟ್ಟಣಗಳು. ಕಿಟಕಿಯ ಕೆಳಗೆ, ಮಗುವಿನ ಎತ್ತರಕ್ಕೆ, ಸುಣ್ಣದ ಗೋಡೆಯ ಮೇಲೆ ಪೆನ್ಸಿಲಿನ ಬರಹ.

ಮಂಗಳವಾರ 2:20 – 3:05. ಒಂದು ಸೊನ್ನೆ.

ಬುಧವಾರ 1:10 – 1:55. ಒಂದು ಸೊನ್ನೆ.

ಗುರುವಾರ 12:00 – 12:45. ಒಂದು ಸೊನ್ನೆ.

ಶುಕ್ರವಾರ 10:50 – 11:35. ಒಂದು ಸೊನ್ನೆ.

ಶನಿವಾರ 9:40 –

ಅಲ್ಲಿಗೆ ಗೆರೆ ನಿಂತಿತ್ತು. ಮುಂದೆ ಒಂದಿಷ್ಟು ಖಾಲಿ ಜಾಗ ಬಿಟ್ಟು, ಐದನೆಯ ಸೊನ್ನೆ.

“ಮೊನ್ನೆಯೇ ಹೋದ್ರು ಅಂದ್ನಲ್ಲ,” ಎಂದ ನೀರಣ್ಣ ಮೆಲ್ಲಗೆ. “ದಿನಾ ಒಂದು ಗಂಟೆ ಹತ್ತು ನಿಮಿಷ ಹಿಂದೆ ಹೋಗುತ್ತೆ ಸರದಿ. ಮುಂಚೇನೇ ಲೆಕ್ಕ ಹಾಕಿ ಬರೆದಿಟ್ಟಿರಬಹುದಲ್ವಾ ಸಾಹೇಬ್ರೆ? ಜಾಣೆ ಅವಳು.”

ಅವನ ದನಿಯಲ್ಲಿದ್ದ ಬೇಡಿಕೆ ಮಾಮನಿಗೆ ಅರ್ಥವಾಯಿತು. ಆದರೂ ಹೇಳಬೇಕಿತ್ತು.

“ಲೆಕ್ಕ ಹಾಕಿದ್ರೆ ನಿಂತ ಗಂಟೆಯನ್ನೂ ಬರೀತಿದ್ಲು. ಇವಳು ನೋಡದೆ ಬರೆಯೋಳಲ್ಲ. ಇವತ್ತು ನೀರು ಬಂದದ್ದು ನೋಡಿದಾಳೆ. ನಿಲ್ಲೋದು ನೋಡೋಕೆ ಬಿಟ್ಟಿಲ್ಲ.”

“ಅಂದ್ರೆ...”

“ನೀನು ಫೋನ್ ಮಾಡಿದಾಗ ಅವಳು ಇಲ್ಲೇ ಇದ್ಲು.”

ಹೊರಗೆ ನೀರಿನ ಸದ್ದು. ಮಾಮನಿಗೆ ಬೆಳಿಗ್ಗೆ ದಂಡೆಯ ಮೇಲೆ ಕೇಳಬೇಕಾಗಿದ್ದ, ಕೇಳದೆ ಬಿಟ್ಟ ಪ್ರಶ್ನೆ ಈಗ ನೆನಪಾಯಿತು. ಮೂವತ್ತೈದು ವರ್ಷದಲ್ಲಿ ಒಂದು ಕಲ್ಲೂ ತಪ್ಪಿ ನೆಟ್ಟಿರಲಿಲ್ಲ ಅವರು.

“ನೀರಣ್ಣ. ಆ ಮೇಲಿನ ಕಚೇರಿಯವನಿಗೆ ನಿನ್ನ ನಂಬರ್ ಕೊಟ್ಟವರು ಯಾರು?”

ನೀರಣ್ಣ ಗೋಡೆ ಹಿಡಿದುಕೊಂಡ.

“ನಿಮ್ಮ ಷಡ್ಡಕ ನಿಮ್ಮನ್ನ ತುಂಬಾ ಹೊಗಳಿದ್ರು ಅಂದ್ರು. ಅದು ಕೇಳಿಯೇ ನಾನು ಹಿಗ್ಗಿದ್ದು. ಆ ಅಯೋಗ್ಯ ಯಾವತ್ತೂ ನನ್ನನ್ನ ಹೊಗಳಿದವನಲ್ಲ, ಸಾಹೇಬ್ರೆ.” ಅವನು ಅಲ್ಲೇ ನೆಲಕ್ಕೆ ಕೂತ. “ಎರಡನೇ ಸಲ. ಎರಡನೇ ಸಲವೂ ನಾನೇ ಹೇಳಿಕೊಟ್ಟೆ.”

“ತಡೀಬೇಕಾಗಿದ್ದವನು ಪಕ್ಕದಲ್ಲೇ ನಿಂತಿದ್ದೆ,” ಎಂದರು ಮಾಮ.

ಅವರು ಬಾಗಿಲಿಗೆ ಬಂದು ನೋಡಿದರು. ತೂಬಿನ ಬುಡದ ಒದ್ದೆ ಮಣ್ಣಿನಲ್ಲಿ ಕಾರಿನ ಚಕ್ರದ ಗುರುತು. ಪಂಪಿನ ಮನೆಯಿಂದ ಅದರವರೆಗೆ ದೊಡ್ಡ ಹೆಜ್ಜೆಗಳ ಎರಡು ಸಾಲು. ಚಿಕ್ಕ ಹೆಜ್ಜೆ ಒಂದೂ ಇಲ್ಲ, ಎತ್ತಿಕೊಂಡು ಹೋಗಿದ್ದರು. ಆದರೆ ಆ ಎರಡು ಸಾಲಿನಲ್ಲಿ ಒಂದು ನೆಟ್ಟಗಿರಲಿಲ್ಲ. ನಡುನಡುವೆ ಹಿಮ್ಮಡಿ ಉದ್ದಕ್ಕೆ ಮಣ್ಣು ಗೀರಿತ್ತು, ಯಾರನ್ನೋ ತೋಳು ಹಿಡಿದು ಎಳೆದ ಹಾಗೆ. ಕೆಂಪು ಚಕ್ರದ ಹತ್ತಿರ ಷಡ್ಡಕನ ಒಂದು ಚಪ್ಪಲಿ ಕೆಸರಿನಲ್ಲಿ ಹೂತು ನಿಂತಿತ್ತು. ಒಂದೇ.

ಅವನಿಗೆ ಮಾರಿಕೊಂಡಿದ್ದ ಷಡ್ಡಕನೇ ಕೊನೆ ಗಳಿಗೆಯಲ್ಲಿ ಬೇಡ ಅಂದನೋ? ಬೇಡ ಅಂದವನನ್ನು ಜೊತೆಯಲ್ಲಿ ಯಾಕೆ ಒಯ್ದರು? ಕಾರು ಯಾವ ಕಡೆ ತಿರುಗಿತೆಂದು ಹೇಳಬೇಕಾದ ದಾರಿಯ ಮೇಲೆ, ಮುಚ್ಚದ ತೂಬಿನ ನೀರು ಒಂದು ಗಂಟೆಯಿಂದ ಹರಿದು, ಎಲ್ಲ ಗುರುತನ್ನೂ ಒರೆಸಿಕೊಂಡು ಹೋಗಿತ್ತು.

ನೀರಣ್ಣ ಎದ್ದು ಹೋಗಿ ಕೆಂಪು ಚಕ್ರ ಹಿಡಿದು ತಿರುಗಿಸಿದ. ತೂಬು ಕಿರುಗುಟ್ಟುತ್ತ ಇಳಿಯಿತು. ನೀರು ನಿಂತಿತು. ಅಭ್ಯಾಸಬಲದಿಂದ ಎಡಗೈ ಮಣಿಕಟ್ಟು ನೋಡಿಕೊಂಡ. ಅಲ್ಲಿ ಗಡಿಯಾರವಿರಲಿಲ್ಲ.

ಒಳಗೆ ದೊಡ್ಡಮ್ಮ ಗೋಡೆಯ ಮುಂದೆ ಮಂಡಿಯೂರಿದ್ದಳು. ಚಾಪೆಯಡಿ ಹುಡುಗಿ ಬಿಟ್ಟುಹೋದ ಮೋಟು ಪೆನ್ಸಿಲು ಸಿಕ್ಕಿತ್ತು. ಪ್ರತಿ ಸಾಲನ್ನೂ ತುಟಿ ಅಲುಗಿಸುತ್ತ ಓದಿ, ಸೊನ್ನೆಯೊಳಗೆ ಗೀಟು ಹಾಕುತ್ತಿದ್ದಳು. ಮಂಗಳವಾರ. ಬುಧವಾರ. ಗುರುವಾರ. ಶುಕ್ರವಾರ. ನಾಲ್ಕು ಗೀಟು.

ಐದನೆಯದರ ಮುಂದೆ ಪೆನ್ಸಿಲು ನಿಂತಿತು.

“ಹಾಕಮ್ಮ,” ಎಂದರು ಮಾಮ. “ಇವತ್ತಿನದು ಇವತ್ತೇ ಓದಿದೀಯ. ಇದೊಂದು ಸಾಲ ಇಲ್ಲ.”

ದೊಡ್ಡಮ್ಮ ತಲೆ ಅಲ್ಲಾಡಿಸಿದಳು.

“ಅವಳು ಇನ್ನೂ ಬರೆದು ಮುಗಿಸಿಲ್ಲ, ಮಾಮ. ಅರ್ಧಕ್ಕೇ ಓದಿದೆ ಅಂತ ಹೇಗೆ ಗೀಟು ಹಾಕಲಿ?”

ಪೆನ್ಸಿಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.